ಫೋನು, ದುಡ್ಡು, ಎಐ: ಮಂಡ್ಯದ ಕಲ್ಲುಬೆಂಚಿನ ಮೇಲೆ ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಮಂಡ್ಯದ ನಮ್ಮ ಬಡಾವಣೆಯ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ಹಿರಿಯರಿಗೆ ಫೋನ್ ಹೇಳಿಕೊಡುತ್ತೇನೆ. ಮೂರು ವರ್ಷ ಆಯ್ತು. ಶುರುವಿನಲ್ಲಿ ನಾಲ್ಕೈದು ಜನ ಬರುತ್ತಿದ್ದರು. ಈಗ ಮೈಸೂರಿನಿಂದಲೂ ಪತ್ರ, ವಾಯ್ಸ್ ಮೆಸೇಜ್ ಬರುತ್ತವೆ. ಕೇಳುವುದು ತಿರುಗಿ ಮುರುಗಿ ಅವೇ ಪ್ರಶ್ನೆಗಳು. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಬರೆದಿಟ್ಟಿದ್ದೇನೆ. "ಇದೂ ಗೊತ್ತಿಲ್ವಾ ಅಂತ ಮಕ್ಕಳು ನಗ್ತಾರೆ" ಎಂದು ಎಷ್ಟೋ ಜನ ಕೇಳದೆ ಸುಮ್ಮನಾಗುತ್ತಾರೆ. ಆ ಸಂಕೋಚದಿಂದಲೇ ಮನೆ ಮನೆಯಲ್ಲಿ ದುಡ್ಡು ಕಳೆದುಕೊಂಡಿರುವುದನ್ನು ಕಂಡಿದ್ದೇನೆ. ದಯವಿಟ್ಟು ಕೇಳಿ.

## ಮೊದಲ ಮೆಟ್ಟಿಲು

ದುಡ್ಡು ನನ್ನ ಅಕೌಂಟಿಗೆ ಬರೋಕೂ ಪಿನ್ ಹಾಕ್ಬೇಕಾ?

ಬೇಡ. ಯುಪಿಐ ಪಿನ್ ಬೇಕಾಗುವುದು ದುಡ್ಡು ಕಳಿಸಲು, ಇಲ್ಲವೇ ಬ್ಯಾಲೆನ್ಸ್ ನೋಡಲು. ಬರುವ ದುಡ್ಡು ತಾನಾಗೇ ಬಂದು ಕೂರುತ್ತದೆ. ಹಳೇ ಸೈಕಲ್ಲೋ ಮಂಚವೋ ಮಾರಲು ಹಾಕಿದವರಿಗೆ "ದುಡ್ಡು ಕಳಿಸಿದ್ದೀನಿ, ಪಿನ್ ಒತ್ತಿ ತಗೊಳ್ಳಿ" ಎಂದು ಫೋನ್ ಬರುತ್ತಿತ್ತಲ್ಲ, ಅದು ದುಡ್ಡು ಕೇಳುವ ರಿಕ್ವೆಸ್ಟು. ಒಬ್ಬರು ಇನ್ನೊಬ್ಬರಿಗೆ ಹಾಗೆ ರಿಕ್ವೆಸ್ಟ್ ಕಳಿಸುವುದನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಅಂಗಡಿ, ಕಂಪನಿಗಳ ರಿಕ್ವೆಸ್ಟ್ ಮಾತ್ರ ಈಗಲೂ ಬರಬಹುದು. ಹಾಗಾಗಿ ಪಿನ್ ಒತ್ತುವ ಮೊದಲು ಸ್ಕ್ರೀನ್ ಮೇಲೆ ಯಾರ ಹೆಸರಿದೆ, ಎಷ್ಟು ಅಂತಿದೆ, ಓದಿ.

ಇನ್ನೊಂದು ವಿಷಯ. ಹೋದ ವರ್ಷ ಒಬ್ಬ ಅಜ್ಜಿ ಫೋನ್ ತಂದರು. ಕವರ್ ಬಿಚ್ಚಿದರೆ ಒಳಗೆ ಮಾದಪ್ಪನ ಪುಟ್ಟ ಫೋಟೊ, ಅದರ ಹಿಂದೆ ನಾಲ್ಕು ಮಡಿಕೆ ಮಾಡಿದ ಚೀಟಿ, ಚೀಟಿಯಲ್ಲಿ ಪಿನ್ನು. ಮೊಮ್ಮಗ ಬರೆದುಕೊಟ್ಟಿದ್ದನಂತೆ. ಆ ಚೀಟಿಯನ್ನು ಅಡುಗೆಮನೆಯ ಡಬ್ಬಿಯಲ್ಲಿ ಇಡಿ ಅಂದೆ. ಮೂರು ವಾರ ದಿನಾ ಒಂದು ರೂಪಾಯಿ ಮಗಳಿಗೆ ಕಳಿಸಿ ಕಳಿಸಿ ಪಿನ್ ಬಾಯಿಪಾಠ ಮಾಡಿಕೊಂಡರು.

ನಂದು ಬಟನ್ ಫೋನು. ಅದ್ರಲ್ಲಿ ದುಡ್ಡು ಕಳ್ಸಕ್ಕಾಗಲ್ವಾ?

ಆಗುತ್ತದೆ. ಬ್ಯಾಂಕಿಗೆ ಕೊಟ್ಟ ನಂಬರಿನಿಂದ *99# ಒತ್ತಿದರೆ ಇಂಟರ್ನೆಟ್ ಇಲ್ಲದೆಯೂ ಯುಪಿಐ ನಡೆಯುತ್ತದೆ. 2022ರಲ್ಲಿ ಯುಪಿಐ 123ಪೇ ಎಂಬುದು ಬಂತು. ಒಂದು ನಂಬರಿಗೆ ಕರೆ ಮಾಡಿ, ಅದು ಕೇಳಿದ್ದಕ್ಕೆ ಬಟನ್ ಒತ್ತುತ್ತಾ ಹೋಗುವುದು. ಒಂದು ಸಲಕ್ಕೆ 10,000 ರೂಪಾಯಿವರೆಗೆ ಕಳಿಸಬಹುದು. ಸುಮ್ನೆ ಯಾರೋ ಹೇಳಿದರು ಅಂತ ದೊಡ್ಡ ಫೋನ್ ಕೊಳ್ಳಲೇಬೇಕು ಅಂತೇನಿಲ್ಲ.

ಗಿರಾಕಿ ಫೋನ್ ತೋರಿಸಿ 'ಕಳ್ಸಿದ್ದೀನಿ ನೋಡಕ್ಕ' ಅಂತಾರೆ. ನಂಬ್ಬೋದಾ?

ಅವರ ಸ್ಕ್ರೀನ್ ನೋಡಿ ನಂಬಬೇಡಿ. ಹಸಿರು ಟಿಕ್ ಬರುವ ನಕಲಿ ಆ್ಯಪ್‌ಗಳಿವೆ. ನಿಮ್ಮ ಸೌಂಡ್ ಬಾಕ್ಸ್ ಕೂಗಬೇಕು, ಇಲ್ಲವೇ ನಿಮ್ಮ ಫೋನಿನಲ್ಲಿ ಜಮಾ ಕಾಣಬೇಕು. ಸಂತೆಯ ಗದ್ದಲದಲ್ಲಿ ಪಕ್ಕದ ಅಂಗಡಿಯ ಬಾಕ್ಸ್ ಕೂಗಿದ್ದನ್ನೇ ತಮ್ಮದು ಅಂದುಕೊಂಡು ಸೊಪ್ಪು ಕೊಟ್ಟು ಕಳಿಸಿದವರೂ ಇದ್ದಾರೆ. ಬಾಕ್ಸನ್ನು ನಿಮ್ಮ ಕೈಗೆ ಹತ್ತಿರ, ಕಿವಿಗೆ ಹತ್ತಿರ ಇಡಿ. ರಾತ್ರಿ ಅಂಗಡಿ ಮುಚ್ಚುವ ಮುಂಚೆ ಕ್ಯೂಆರ್ ಸ್ಟಿಕ್ಕರ್ ಮೇಲೆ ಬೇರೆ ಯಾರಾದರೂ ತಮ್ಮ ಸ್ಟಿಕ್ಕರ್ ಅಂಟಿಸಿದ್ದಾರಾ ಅಂತಲೂ ಒಮ್ಮೆ ಕಣ್ಣಾಡಿಸಿ.

ನಮ್ಮವ್ವನ ಬೆರಳು ಮಿಷನ್ ತಗೊಳ್ಳಲ್ಲ ಅಂತದೆ. ಏನ್ ತಪ್ಪು ಮಾಡಿದ್ದೀವಿ?

ನೀವು ಏನೂ ತಪ್ಪು ಮಾಡಿಲ್ಲ. ನಾಟಿ ಹಾಕಿ, ಕಳೆ ಕಿತ್ತು, ಪಾತ್ರೆ ತಿಕ್ಕಿ ಬೆರಳಿನ ಗೆರೆ ಸವೆದಿರುತ್ತವೆ. ವಯಸ್ಸಾದ ಮೇಲೂ ಗೆರೆ ಮಾಸುತ್ತವೆ. ನಾನು ಒಬ್ಬ ತಾಯಿಯ ಹೆಬ್ಬೆರಳು ಹಿಡಿದು ನೋಡಿದೆ, ಒಡೆದ ಗೆರೆಗಳ ನಡುವೆ ಮಣ್ಣಿನ ಕಪ್ಪು ಕೂತುಬಿಟ್ಟಿತ್ತು, ಗಾಜಿನ ಮೇಲೆ ಒತ್ತಿ ಒತ್ತಿ ಉಗುರು ಬೆಳ್ಳಗಾಗಿತ್ತು, ಹಿಂದೆ ಕ್ಯೂನಲ್ಲಿ ನಿಂತವರು ಗೊಣಗುತ್ತಿದ್ದರು. ಇದು ಆ ತಾಯಿಯ ತಪ್ಪು ಅನ್ನಿಸುವ ಹಾಗೆ ಯಾರೂ ಮಾತಾಡಬಾರದು. ಆಧಾರ್‌ನಲ್ಲಿ ಕಣ್ಣಿನ ಗುರುತು, ಮುಖದ ಗುರುತು, ಓಟಿಪಿ ಕೂಡ ಇವೆ. ಅವುಗಳಲ್ಲಿ ಯಾವುದು ಆಗುತ್ತದೆ ಅಂತ ಅಲ್ಲೇ ಕೇಳಿ. ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ಹೊಸದಾಗಿ ಕೊಟ್ಟು ಬಂದರೂ ಎಷ್ಟೋ ಜನರಿಗೆ ಸರಿಹೋಗುತ್ತದೆ. ಬೆರಳು ಒತ್ತುವುದು ಅಪರೂಪ ಅನ್ನುವವರು ಆಧಾರ್ ಆ್ಯಪ್‌ನಲ್ಲಿ ಬೆರಳು, ಕಣ್ಣು, ಮುಖದ ಗುರುತಿಗೆ ಬೇರೆಯವರು ಬಳಸದ ಹಾಗೆ ಬೀಗ ಹಾಕಿಡಿ, ಬೇಕಾದಾಗ ತೆಗೆಯಬಹುದು.

## ಮೋಸದ ಫೋನುಗಳು

ವಾಟ್ಸಾಪ್‌ಗೆ ಮದುವೆ ಪತ್ರಿಕೆ ಬಂದಿದೆ. ಓಪನ್ ಮಾಡ್ಲಾ?

ಫೋಟೊ ಅಥವಾ ಪಿಡಿಎಫ್ ಆದರೆ ಪರವಾಗಿಲ್ಲ. ಹೆಸರಿನ ಕೊನೆಯಲ್ಲಿ 'ಎಪಿಕೆ' (apk) ಅಂತ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಮುಟ್ಟಬೇಡಿ. ಅದು ಪತ್ರಿಕೆಯ ವೇಷದ ಆ್ಯಪ್. ಒಳಗೆ ಹೊಕ್ಕರೆ ನಿಮಗೆ ಬರುವ ಎಸ್‌ಎಂಎಸ್, ಓಟಿಪಿ ಎಲ್ಲ ಕಳ್ಳನಿಗೆ ಹೋಗುತ್ತವೆ. ಗಾಡಿ ಫೈನ್, ಬ್ಯಾಂಕ್ ಕೆವೈಸಿ, ಗೃಹಲಕ್ಷ್ಮಿ ಬಾಕಿ ಹಣ ಅಂತಲೂ ಇದೇ ಥರ ಬರುತ್ತವೆ. ಗೃಹಲಕ್ಷ್ಮಿ ನಮ್ಮ ಮೈಸೂರಿನಲ್ಲೇ 2023ರ ಆಗಸ್ಟ್ 30ರಂದು ಶುರುವಾದ ಯೋಜನೆ. ಕಂತು ಸ್ವಲ್ಪ ತಡವಾದರೂ ಹೆಂಗಸರಿಗೆ ಚಿಂತೆ ಹತ್ತುತ್ತದೆ. ಆ ಚಿಂತೆ ಕಳ್ಳರಿಗೆ ಚೆನ್ನಾಗಿ ಗೊತ್ತು. ಕಂತು ಬರಲು ಯಾವ ಆ್ಯಪ್ ಕೂಡ ಹಾಕಬೇಕಿಲ್ಲ, ಕೇಳಬೇಕಾದ್ದನ್ನು ಅಂಗನವಾಡಿಯಲ್ಲೋ ತಾಲ್ಲೂಕಿನ ಶಿಶು ಅಭಿವೃದ್ಧಿ ಅಧಿಕಾರಿಯ (ಸಿಡಿಪಿಒ) ಕಚೇರಿಯಲ್ಲೋ ಕೇಳಿ.

ಕಳಿಸಿದವರು ನಿಮ್ಮ ಸ್ವಂತ ಭಾವಮೈದುನನೇ ಆಗಿದ್ದರೂ ಕರೆ ಮಾಡಿ ಕೇಳಿ. ಅವರ ಫೋನ್ ಮೊದಲು ಹೊಡೆತ ತಿಂದು, ಅದರಿಂದಲೇ ನಿಮಗೆ ಬಂದಿರಬಹುದು.

ಪೊಲೀಸ್ ಡ್ರೆಸ್ ಹಾಕ್ಕೊಂಡು ವಿಡಿಯೊ ಕಾಲ್ ಮಾಡಿ 'ಅರೆಸ್ಟ್ ಆಗಿದ್ದೀರಿ, ರೂಮಿಂದ ಆಚೆ ಬರ್ಬೇಡಿ' ಅಂದ್ರೆ ಏನ್ ಮಾಡೋದು?

ಕಟ್ ಮಾಡಿ. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಪೊಲೀಸ್, ಸಿಬಿಐ, ಜಾರಿ ನಿರ್ದೇಶನಾಲಯ (ಇ.ಡಿ.), ಕೋರ್ಟು ಯಾರೂ ವಿಡಿಯೊ ಕಾಲ್‌ನಲ್ಲಿ ಬಂಧಿಸುವುದಿಲ್ಲ, 'ಪರಿಶೀಲನೆಗೆ' ಅಂತ ದುಡ್ಡು ಹಾಕಿಸಿಕೊಳ್ಳುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಗಳೇ ತಮ್ಮ ರೇಡಿಯೊ ಮಾತಿನಲ್ಲಿ ಇದನ್ನು ಹೇಳಿದರು. 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ವಹಿಸಿತು. ಅಷ್ಟು ದೊಡ್ಡದಾಗಿ ಬೆಳೆದಿದೆ ಇದು.

ನಮ್ಮ ಬೀದಿಯ ಒಬ್ಬ ನಿವೃತ್ತ ಮೇಷ್ಟ್ರ ಕಥೆ ಹೇಳಬೇಕು. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ ಅಂತ ಶುರುವಾಯಿತು. ಆಮೇಲೆ ಯೂನಿಫಾರ್ಮ್ ಹಾಕಿದವನು ಬಂದ, ಹಿಂದೆ ಗೋಡೆಯ ಮೇಲೆ ಲಾಂಛನ, ಪಕ್ಕದಲ್ಲಿ ವಾಕಿಟಾಕಿ ಸದ್ದು. ಮೇಷ್ಟ್ರು ಬೆಳಿಗ್ಗೆ ಹತ್ತಕ್ಕೆ ರೂಮಿನ ಬಾಗಿಲು ಹಾಕಿಕೊಂಡವರು ಮಧ್ಯಾಹ್ನ ಮೂರಾದರೂ ತೆಗೆಯಲಿಲ್ಲ. ಹೆಂಡತಿ ಊಟಕ್ಕೆ ಕರೆದರೆ ಒಳಗಿಂದಲೇ "ಮೀಟಿಂಗ್ ಇದೆ" ಅಂದರು. ನಿವೃತ್ತರಾಗಿ ಹತ್ತು ವರ್ಷ ಆದವರಿಗೆ ಯಾವ ಮೀಟಿಂಗು ಅಂತ ಆಯಮ್ಮನಿಗೆ ಅನುಮಾನ ಬಂದು, ಪಕ್ಕದ ಮನೆ ಹುಡುಗನನ್ನು ಕರೆದು ಕಿಟಕಿ ತಟ್ಟಿಸಿದರು. ಆಗಲೇ ಎಫ್‌ಡಿ ಮುರಿಸಲು ಬ್ಯಾಂಕಿಗೆ ಹೊರಡಲು ಶರ್ಟ್ ಹಾಕಿಕೊಂಡು ಕೂತಿದ್ದರು ಮೇಷ್ಟ್ರು. ಕೈ ನಡುಗುತ್ತಿತ್ತು, ಗುಂಡಿ ಒಂದು ಮೇಲೆ ಒಂದು ಕೆಳಗೆ ಆಗಿತ್ತು. ಮೂವತ್ತೈದು ವರ್ಷ ಗಣಿತ ಪಾಠ ಮಾಡಿದ ಮನುಷ್ಯ. ಓದಿದವರು, ದಡ್ಡರು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಭಯ ಹುಟ್ಟಿಸಿ, ಯಾರ ಹತ್ತಿರವೂ ಮಾತಾಡದ ಹಾಗೆ ಒಂಟಿ ಮಾಡುವುದೇ ಅವರ ಕಸುಬು. ಆದ್ದರಿಂದ "ಮನೆಯವರಿಗೆ ಹೇಳಬೇಡ" ಅಂತ ಯಾರಾದರೂ ಅಂದ ತಕ್ಷಣ ಮನೆಯವರನ್ನು ಕೂಗಿ.

ದುಡ್ಡು ಹೋಗೇ ಹೋಯ್ತು. ಈಗ ಮೊದಲು ಯಾರಿಗೆ ಹೇಳ್ಬೇಕು?

1930ಕ್ಕೆ ಕರೆ ಮಾಡಿ. ಈಗಲೇ, ಇದನ್ನು ಓದುವುದನ್ನು ನಿಲ್ಲಿಸಿ. ದುಡ್ಡು ಒಂದು ಅಕೌಂಟಿನಿಂದ ಇನ್ನೊಂದಕ್ಕೆ ಜಿಗಿಯುತ್ತಾ ಹೋಗುತ್ತದೆ, ಬೇಗ ಹೇಳಿದರೆ ದಾರಿಯಲ್ಲೇ ತಡೆ ಹಾಕಬಹುದು. ಆಮೇಲೆ ಬ್ಯಾಂಕಿಗೆ ಹೇಳಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ನ್ಯಾಷನಲ್ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ದೂರು ಕೊಡಬಹುದು.

ಆರ್‌ಬಿಐ 2017ರಲ್ಲಿ ಒಂದು ನಿಯಮ ಮಾಡಿತು. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರಿಂದ ದುಡ್ಡು ಹೋಗಿದ್ದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮ ತಲೆಗೆ ಬರುವುದಿಲ್ಲ. ನೀವೇ ಪಿನ್, ಓಟಿಪಿ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ಅಂದರೆ ಎರಡೂ ಕಡೆ ಬೇಗ ಹೇಳಿದವರಿಗೇ ಅನುಕೂಲ. ನನ್ನ ಸ್ವಂತ ಚಿಕ್ಕಮ್ಮ ನಾಲ್ಕು ದಿನ ಯಾರಿಗೂ ಹೇಳದೆ ಅತ್ತುಕೊಂಡು ಕೂತಿದ್ದರು. ಬ್ಯಾಂಕಿಗೆ ಹೋದಾಗ ಕೌಂಟರಿನವರು "ಯಾಕಮ್ಮ ಕೊಟ್ರಿ?" ಅಂತ ಗದರಿದರು. ಗದರಿದರೂ ಪರವಾಗಿಲ್ಲ, ಬರವಣಿಗೆಯಲ್ಲಿ ದೂರು ಕೊಟ್ಟು ಸೀಲ್ ಹಾಕಿಸಿಕೊಂಡೇ ಎದ್ದು ಬನ್ನಿ.

ಬಸ್ಸಲ್ಲಿ ಫೋನ್ ಕಳೆದೋಯ್ತು. ಸಿಗುತ್ತಾ?

ಸಿಗುವ ಸಾಧ್ಯತೆ ಇದೆ. ಪೊಲೀಸ್ ದೂರಿನ ಪ್ರತಿ ತಗೊಂಡು, ಹಳೇ ನಂಬರಿಗೆ ಹೊಸ ಸಿಮ್ ಮಾಡಿಸಿ, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಆ್ಯಪಿನಲ್ಲಿ ಫೋನ್ ಬ್ಲಾಕ್ ಮಾಡಿಸಿ. ಅದಕ್ಕೆ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್ ಬೇಕು. *#06# ಒತ್ತಿದರೆ ಬರುತ್ತದೆ, ಆದರೆ ಫೋನ್ ಕೈಯಲ್ಲಿರುವಾಗಲೇ ಒತ್ತಬೇಕು ಅಲ್ವಾ? ಇವತ್ತೇ ಒತ್ತಿ ಡೈರಿಯಲ್ಲಿ ಬರೆದಿಡಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅನ್ನುವುದನ್ನೂ ಅಲ್ಲೇ ನೋಡಬಹುದು. ಈ ಆ್ಯಪನ್ನು ಎಲ್ಲ ಹೊಸ ಫೋನಿಗೂ ಹಾಕಿಯೇ ಮಾರಬೇಕು ಎಂದು ಕೇಂದ್ರ ಸರ್ಕಾರ ಆದೇಶ ಮಾಡಿ, ವಿರೋಧ ಬಂದ ಮೇಲೆ 2025ರ ಡಿಸೆಂಬರ್ 3ರಂದು ವಾಪಸ್ ತಗೊಂಡಿತು. ಹಾಗಾಗಿ ಇಟ್ಟುಕೊಳ್ಳುವುದು ಬಿಡುವುದು ನಿಮ್ಮಿಷ್ಟ.

## ಮಕ್ಕಳು, ಮನೆ

ಮೊಬೈಲ್ ಕೊಡ್ದೆ ಮಗು ಒಂದು ತುತ್ತೂ ತಿನ್ನಲ್ಲ. ಎಷ್ಟೊತ್ತು ಕೊಡ್ಬೋದು?

ಎರಡು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡ, ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆದರೆ ಕೂಲಿಗೆ ಹೋಗಿ ಬಂದು, ನೀರು ಹಿಡಿದು, ಅಡುಗೆ ಮಾಡುವ ತಾಯಿಗೆ "ಮೊಬೈಲ್ ಕೊಡಬೇಡಮ್ಮ" ಅಂತ ಬುದ್ಧಿ ಹೇಳುವುದು ಸುಲಭ. ಆ ಅರ್ಧ ಗಂಟೆ ಮಗುವನ್ನು ನೋಡಿಕೊಳ್ಳುವವರು ಬೇಕು, ಅಪ್ಪ, ಅಜ್ಜಿ, ಯಾರಾದರೂ. ಊಟದ ಹೊತ್ತೊಂದನ್ನು ಮೊದಲು ಬಿಡಿಸಿ. ಒಂದು ವಾರ ಹಟ ಇರುತ್ತದೆ. ದೊಡ್ಡವರೂ ಆಗ ತಮ್ಮ ಫೋನ್ ಪಕ್ಕಕ್ಕಿಡಬೇಕು, ಇಲ್ಲದಿದ್ದರೆ ಮಗು ನೋಡುತ್ತಲೇ ಇರುತ್ತದೆ.

ಆನ್‌ಲೈನ್ ರಮ್ಮಿ ಬ್ಯಾನ್ ಆಯ್ತಂತೆ, ಆದ್ರೂ ನನ್ ಮಗ ಆಡ್ತಾನೇ ಇದ್ದಾನೆ?

2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿತು. ದುಡ್ಡು ಕಟ್ಟಿ ಆಡಿಸುವ ಎಲ್ಲ ಆನ್‌ಲೈನ್ ಆಟಗಳಿಗೆ ನಿಷೇಧ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಆಡುವವರಿಗೆ ಶಿಕ್ಷೆ ಇಲ್ಲ, ಅವರನ್ನು ನೊಂದವರೆಂದೇ ಕಾನೂನು ನೋಡುತ್ತದೆ. ಕ್ರಿಕೆಟ್ ತಂಡದ ಅಂಗಿಯ ಮೇಲೆ ಹೆಸರಿದ್ದ ಡ್ರೀಮ್11 ಕೂಡ ದುಡ್ಡಿನ ಆಟ ನಿಲ್ಲಿಸಿತು. ಈಗಲೂ ನಿಮ್ಮ ಮಗ ಆಡುತ್ತಿದ್ದರೆ ಅದು ಕಳ್ಳದಾರಿಯಲ್ಲಿ ನಡೆಯುವ ಆ್ಯಪ್, ಗೆದ್ದರೂ ದುಡ್ಡು ಕೈಗೆ ಬರುವ ಭರವಸೆ ಇಲ್ಲ. ಬೈದರೆ ಅವನು ಸಾಲವನ್ನು ಮುಚ್ಚಿಡುತ್ತಾನೆ. ಮೊದಲು "ಎಷ್ಟು ಸಾಲ ಆಗಿದೆ, ಹೇಳು, ಹೊಡೆಯಲ್ಲ" ಅನ್ನಿ. ಮನಸ್ಸು ಕುಗ್ಗಿದ್ದರೆ 14416ಕ್ಕೆ ಕರೆ ಮಾಡಿಸಿ. ಟೆಲಿ ಮಾನಸ್ ಅಂತ ಸರ್ಕಾರದ್ದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹದಿನಾರು ವರ್ಷದೊಳಗಿನವರಿಗೆ ಇನ್‌ಸ್ಟಾ ಬೇಡ ಅಂತ ಕಾನೂನು ಇದ್ಯಾ?

ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ ಇದೆ. ನಮ್ಮ 2023ರ ಡೇಟಾ ರಕ್ಷಣೆ ಕಾನೂನಿನಲ್ಲಿ 18ರೊಳಗಿನವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಅಂತಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಕಂಪನಿಗಳಿಗೆ ಪೂರ್ತಿ ಜಾರಿ ಮಾಡಲು 18 ತಿಂಗಳ ಸಮಯ ಕೊಟ್ಟಿದ್ದಾರೆ.

## ಎಐ ಮತ್ತು ನಮ್ಮ ಕನ್ನಡ

ಎಐ ಕನ್ನಡ ಯಾಕೆ ಪುಸ್ತಕ ಓದಿದಂಗೆ ಮಾತಾಡುತ್ತೆ? ನಮ್ಮ ಮಂಡ್ಯದ ಮಾತು ಅದಕ್ಕೆ ಅರ್ಥ ಆಗಲ್ವಾ?

ಇದು ನನಗೆ ತುಂಬ ಇಷ್ಟದ ಪ್ರಶ್ನೆ. ಎಐ ಅಂದರೆ ಕೃತಕ ಬುದ್ಧಿಮತ್ತೆ, ಅದು ಕಲಿಯುವುದು ಬರೆದಿಟ್ಟ ಮಾತಿನಿಂದ. ಇಂಗ್ಲಿಷಿನಲ್ಲಿ ಬರೆದಿಟ್ಟದ್ದು ಬೆಟ್ಟದಷ್ಟಿದೆ, ಕನ್ನಡದಲ್ಲಿ ಕಡಿಮೆ, ಅದರಲ್ಲೂ ಸಿಗುವುದು ಪತ್ರಿಕೆ, ಸರ್ಕಾರಿ ಪ್ರಕಟಣೆ. ಆಲೆಮನೆ ಮುಂದೆ ಕೂತು ಆಡುವ ಮಾತನ್ನು, "ಎಂಗಿದ್ದೀಯ ಕಣಪ್ಪ" ಅನ್ನುವುದನ್ನು ಯಾರು ಬರೆದಿಟ್ಟಿದ್ದಾರೆ? ಎಷ್ಟೋ ಕನ್ನಡ ಬರಹ ಹಳೇ ನುಡಿ ಫಾಂಟಿನಲ್ಲೇ ಉಳಿದಿದೆ, ಅದನ್ನು ಎಲ್ಲ ಯಂತ್ರಗಳಿಗೂ ತಿಳಿಯುವ ಯುನಿಕೋಡ್‌ಗೆ ಬದಲಾಯಿಸದಿದ್ದರೆ ಯಂತ್ರಕ್ಕೆ ಅದು ಗೊಜ್ಜು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1969ರಲ್ಲಿ ಶುರುವಾದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ನಮ್ಮ ಭಾಷೆಗಳ ಬರಹ, ಧ್ವನಿಯನ್ನು ಸಂಗ್ರಹಿಸುತ್ತಾ ಬಂದಿದೆ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ, ಬೆಂಗಳೂರಿನ ಸರ್ವಂ ಎಂಬ ಎಐ ಕಂಪನಿ ಕೂಡ ಇದರಲ್ಲಿ ಕೆಲಸ ಮಾಡುತ್ತಿವೆ. ಎರಡು ವರ್ಷದ ಹಿಂದಿಗಿಂತ ಈಗ ಎಷ್ಟೋ ವಾಸಿ.

ವಾಸಿ ಅಂದರೆ ಸರಿ ಅಂತಲ್ಲ. 2025ರ ಜುಲೈನಲ್ಲಿ ಬಿ. ಸರೋಜಾದೇವಿ ಅವರು ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಸಂತಾಪದ ಪೋಸ್ಟನ್ನು ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಅನುವಾದ ಯಂತ್ರ ಇಂಗ್ಲಿಷಿಗೆ ತಿರುಗಿಸಿದ್ದು ಹೇಗೆ ಗೊತ್ತಾ? ಸ್ವತಃ ಮುಖ್ಯಮಂತ್ರಿಗಳೇ ತೀರಿಕೊಂಡರು ಅನ್ನುವ ಅರ್ಥ ಬರುವ ಹಾಗೆ. ಅವರು ಪತ್ರ ಬರೆದರು, ಮೆಟಾ ಕ್ಷಮೆ ಕೇಳಿತು. ಮುಖ್ಯಮಂತ್ರಿಗೆ ಆದದ್ದಕ್ಕೆ ಕ್ಷಮೆ ಬಂತು. ಆಸ್ಪತ್ರೆ ಚೀಟಿಯನ್ನೋ ಜಮೀನಿನ ಪತ್ರವನ್ನೋ ಹಾಗೆ ತಪ್ಪು ತಿರುಗಿಸಿದರೆ ನಮ್ಮ ಪರವಾಗಿ ಯಾರು ಪತ್ರ ಬರೆಯುತ್ತಾರೆ? ಆದ್ದರಿಂದ ಅಂಥ ಕಾಗದಗಳನ್ನು ಬಲ್ಲವರಿಂದ ಓದಿಸಿ. ಮತ್ತೆ, ನೀವು ಫೋನಿನಲ್ಲಿ ಕನ್ನಡದಲ್ಲೇ, ಕನ್ನಡ ಅಕ್ಷರದಲ್ಲೇ ಬರೆಯಿರಿ. ನಿಮ್ಮ ಊರಿನ ಹಾಡು, ಅಡುಗೆ, ಬೇಸಾಯದ ಮಾತು, ಎಲ್ಲ.

ಭತ್ತದ ಎಲೆ ಫೋಟೊ ಹಾಕಿದ್ರೆ ರೋಗ ಯಾವ್ದು ಅಂತ ಹೇಳುತ್ತೆ. ಅದು ಹೇಳಿದ ಔಷಧಿ ಹೊಡೀಬಹುದಾ?

ರೋಗದ ಹೆಸರು ತಿಳಿಯಲು ಕೇಳಿ, ಔಷಧಿ ಹೊಡೆಯಲು ಅದೊಂದನ್ನೇ ನಂಬಬೇಡಿ. ಬೆಂಕಿ ರೋಗದ ಚುಕ್ಕೆ, ಕಂದು ಚುಕ್ಕೆ ಎರಡೂ ಫೋಟೊದಲ್ಲಿ ಒಂದೇ ಥರ ಕಾಣಬಹುದು. ಅದು ಬೇರೆ ದೇಶದ ಔಷಧಿ ಹೆಸರನ್ನೂ ತಪ್ಪು ಪ್ರಮಾಣವನ್ನೂ ಅಷ್ಟೇ ಧೈರ್ಯದಿಂದ ಹೇಳಿಬಿಡುತ್ತದೆ. ಎಲೆಯನ್ನೇ ಕಿತ್ತುಕೊಂಡು ರೈತ ಸಂಪರ್ಕ ಕೇಂದ್ರಕ್ಕೋ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರಕ್ಕೋ ಹೋಗಿ, ಇಲ್ಲವೇ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕರೆ ಮಾಡಿ.

ಮಗಳ ಧ್ವನೀಲೇ 'ಅಪ್ಪಾ ಆಕ್ಸಿಡೆಂಟ್ ಆಗಿದೆ, ದುಡ್ಡು ಹಾಕಿ' ಅಂತ ಬಂತು. ಅವ್ಳು ಕಾಲೇಜಲ್ಲೇ ಇದ್ಲು!

ಸ್ವಲ್ಪವೇ ರೆಕಾರ್ಡಿಂಗ್ ಸಿಕ್ಕರೂ ಸಾಕು, ಎಐ ಒಬ್ಬರ ಧ್ವನಿ ಹೊರಡಿಸುತ್ತದೆ. ರೀಲ್ಸ್‌ನಲ್ಲಿ ಎಲ್ಲರ ಧ್ವನಿಯೂ ಇದೆಯಲ್ಲ. ಕಟ್ ಮಾಡಿ ಅವಳ ನಂಬರಿಗೆ ನೀವೇ ಕರೆ ಮಾಡಿ. ಮನೆಯವರೆಲ್ಲ ಸೇರಿ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಅದು ಹಳೇ ಹಸುವೊಂದರ ಹೆಸರು.

ಇಷ್ಟು ದೊಡ್ಡ ಎಐನ ಪುಕ್ಕಟೆ ಯಾಕೆ ಕೊಡ್ತಾರೆ?

2025ರಲ್ಲಿ ಏರ್‌ಟೆಲ್ ಪರ್ಪ್ಲೆಕ್ಸಿಟಿಯನ್ನು, ಜಿಯೊ ಜೆಮಿನಿಯನ್ನು ಗಿರಾಕಿಗಳಿಗೆ ಉಚಿತವಾಗಿ ಕೊಟ್ಟವು. ಚಾಟ್‌ಜಿಪಿಟಿಯವರು ತಮ್ಮ 'ಗೋ' ಪ್ಲಾನನ್ನು ಭಾರತದವರಿಗೆ ಒಂದು ವರ್ಷ ಪುಕ್ಕಟೆ ಮಾಡಿದರು. ನಮ್ಮಲ್ಲಿ ಜನ ಜಾಸ್ತಿ, ಡೇಟಾ ಅಗ್ಗ. ಅಭ್ಯಾಸ ಹಿಡಿಸಿದರೆ ಆಮೇಲೆ ದುಡ್ಡು ಕೊಡುತ್ತಾರೆ ಅನ್ನುವ ಲೆಕ್ಕ. ನಾವು ಕೇಳುವ ಪ್ರಶ್ನೆಗಳಿಂದ ಅದು ಕಲಿಯಲೂಬಹುದು. ಬಳಸಿ, ಮಕ್ಕಳ ಓದಿಗೆ ಒಳ್ಳೆಯದೇ. ಸೆಟ್ಟಿಂಗ್ಸ್‌ಗೆ ಹೋಗಿ 'ತರಬೇತಿಗೆ ಬಳಸುವುದು' ಅನ್ನುವುದನ್ನು ಆಫ್ ಮಾಡಿ. ಆಧಾರ್ ಫೋಟೊ, ಬ್ಯಾಂಕ್ ಪಾಸ್‌ಬುಕ್, ಮನೆ ಜಗಳ ಹಾಕಬೇಡಿ.

## ಕಸುಬು, ಕಾನೂನು, ಕಸ

ಯುಪಿಐ ತಗೊಂಡ್ರೆ ಜಿಎಸ್‌ಟಿ ನೋಟಿಸ್ ಬರುತ್ತಂತೆ. ಕ್ಯೂಆರ್ ಬೋರ್ಡ್ ತೆಗೆದುಬಿಡ್ಲಾ?

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೆಂಗಳೂರಿನಲ್ಲಿ 'ಕ್ಯಾಶ್ ಮಾತ್ರ' ಬೋರ್ಡ್‌ಗಳು ಎದ್ದವು. ಆ ಭಯ ಇಲ್ಲಿಗೂ ಬಂತು. ವಿಷಯ ಇಷ್ಟು. ವರ್ಷದ ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ಹಣ ಕ್ಯಾಶಿನಲ್ಲಿ ಬಂದರೂ ಇದೇ ಲೆಕ್ಕ. ತರಕಾರಿ, ಹಣ್ಣು, ಹಾಲು ಮಾರುವವರಿಗೆ ಆ ಸರಕಿನ ಮೇಲೆ ತೆರಿಗೆಯೇ ಇಲ್ಲ, ಅವರಿಂದ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆಯಲ್ಲಿ ಹೇಳಿದರು. ಕ್ಯೂಆರ್ ಬೋರ್ಡ್ ತೆಗೆಯಬೇಡಿ. ಒಂದು ನೋಟ್‌ಬುಕ್‌ನಲ್ಲಿ ದಿನದ ವ್ಯಾಪಾರ, ಕೊಂಡ ಬಿಲ್ ಇಡಿ. ಮಗಳು ಕಳಿಸಿದ ದುಡ್ಡು, ಚೀಟಿ ದುಡ್ಡು ವ್ಯಾಪಾರದ ಅಕೌಂಟಿಗೆ ಬಂದರೆ ಅದೂ ವಹಿವಾಟಿನ ಹಾಗೆ ಕಾಣುತ್ತದೆ. ಅದಕ್ಕೆ ಬೇರೆ ಅಕೌಂಟ್ ಮಾಡಿಸಿ.

ಮೈಸೂರಲ್ಲಿ ಡೆಲಿವರಿ ಮಾಡ್ತೀನಿ. ಒಂದಿನ ಐಡಿ ಬ್ಲಾಕ್ ಮಾಡಿದ್ರು, ಕಾರಣಾನೇ ಹೇಳ್ಲಿಲ್ಲ. ಯಾರನ್ನ ಕೇಳ್ಲಿ?

ಕರ್ನಾಟಕದಲ್ಲಿ 2025ರಿಂದ ಗಿಗ್ ಕಾರ್ಮಿಕರಿಗಾಗಿ, ಅಂದರೆ ನಿಮ್ಮ ಹಾಗೆ ಆ್ಯಪ್ ಮೂಲಕ ದುಡಿಯುವವರಿಗಾಗಿ ಕಾನೂನು ಇದೆ. ಕಾರಣವನ್ನು ಬರವಣಿಗೆಯಲ್ಲಿ ಕೊಡದೆ, 14 ದಿನ ಮೊದಲು ತಿಳಿಸದೆ ತೆಗೆಯುವ ಹಾಗಿಲ್ಲ. ಪ್ರತಿ ಆರ್ಡರಿಗೆ ನಿಮಗೆ ಕೊಡುವ ದುಡ್ಡಿನ ಲೆಕ್ಕದಲ್ಲಿ ಕಂಪನಿ 1ರಿಂದ 5 ಶೇಕಡಾವನ್ನು ಕಲ್ಯಾಣ ನಿಧಿಗೆ ಕಟ್ಟಬೇಕು. ಗಿಗ್ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನಿಮ್ಮ ಹೆಸರು ನೋಂದಣಿ ಆಗಿದೆಯಾ ಅಂತ ಕಾರ್ಮಿಕ ಇಲಾಖೆಯಲ್ಲಿ ಕೇಳಿ. ಆ್ಯಪ್ ಬ್ಲಾಕ್ ಆದ ಸ್ಕ್ರೀನಿನ ಫೋಟೊ, ತಾರೀಖು ಇಟ್ಟುಕೊಳ್ಳಿ. ಹತ್ತು ನಿಮಿಷದಲ್ಲಿ ಹಾಲು ಬಂತು ಅಂತ ಖುಷಿಪಡುವ ನಾವೂ, ಮಳೆಯಲ್ಲಿ ನೆನೆದು ಬಂದ ಹುಡುಗನಿಗೆ ಒಂದು ಲೋಟ ನೀರು ಕೊಟ್ಟು ಕಳಿಸಬೇಕು.

ಹಳೇ ಫೋನು, ಕಂಪ್ಯೂಟರು ಏನ್ ಮಾಡೋದು? ಗುಜರಿಗೆ ಹಾಕ್ಲಾ?

ಹಳೇ ಕಂಪ್ಯೂಟರುಗಳನ್ನು ನಡೆಸುವ ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತುಹೋಯಿತು, ಅದಕ್ಕೇ ಈ ಪ್ರಶ್ನೆ ಈಗ ಜಾಸ್ತಿ. ಕಂಪ್ಯೂಟರ್ ಗಟ್ಟಿಯಾಗಿದ್ದರೆ ವಿಂಡೋಸ್ ಬದಲು ಲಿನಕ್ಸ್ ಹಾಕಿಸಿ, ಪುಕ್ಕಟೆ, ಕನ್ನಡ ಟೈಪಿಂಗಿಗೂ ಮಕ್ಕಳ ಓದಿಗೂ ಇನ್ನೂ ಕೆಲವು ವರ್ಷ ನಡೆಯುತ್ತದೆ. ಫೋನ್ ಕೊಡುವ ಮೊದಲು ಸಿಮ್, ಮೆಮೊರಿ ಕಾರ್ಡ್ ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಿ. ಉಬ್ಬಿದ ಬ್ಯಾಟರಿ ಇದ್ದರೆ ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ, ಕಸದ ಗಾಡಿಗೂ ಹಾಕಬೇಡಿ, ಬೆಂಕಿ ಹತ್ತುತ್ತದೆ. ಒಂದು ಲೋಹದ ಡಬ್ಬಿಯಲ್ಲಿ ಒಣ ಮರಳು ಹಾಕಿ ಅದರಲ್ಲಿಟ್ಟು ಇ-ವೇಸ್ಟ್ ತಗೊಳ್ಳುವವರಿಗೆ ಕೊಡಿ. ಹೋದ ತಿಂಗಳು ಒಬ್ಬರು ಅಂಥ ಫೋನನ್ನು ಜೇಬಿನಲ್ಲೇ ಇಟ್ಟುಕೊಂಡು ಪಾರ್ಕಿಗೆ ಬಂದಿದ್ದರು, ಹಿಂದಿನ ಮುಚ್ಚಳ ದೋಸೆಯ ಅಂಚಿನ ಹಾಗೆ ಎದ್ದಿತ್ತು. ಕಲ್ಲುಬೆಂಚಿನ ಪಕ್ಕ ಮಣ್ಣಿನ ಮೇಲೆ ಇಡಿಸಿ, ಅವರ ಸಿಮ್ಮನ್ನು ಹುಷಾರಾಗಿ ತೆಗೆದು ಮಗಳ ಹಳೇ ಫೋನಿಗೆ ಹಾಕಿಕೊಟ್ಟೆ.